ಸ್ಥಳೀಯ ಸಸ್ಯಗಳಿಂದ ತೋಟ ವಿನ್ಯಾಸ: ಒಂದು ಭಾನುವಾರದ ತರಬೇತಿಯ ವಿಮರ್ಶೆ

ದೇವನಹಳ್ಳಿಯ ಆಚೆ, ನಂದಿಬೆಟ್ಟ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿರುವ ಒಂದು ನರ್ಸರಿಯವರು ಸ್ಥಳೀಯ ಸಸ್ಯಗಳನ್ನು ಬಳಸಿ ತೋಟ, ಅಂಗಳ ಮತ್ತು ಬಯಲು ಜಾಗಗಳನ್ನು ವಿನ್ಯಾಸಗೊಳಿಸುವುದು ಹೇಗೆಂದು ಭಾನುವಾರಗಳಂದು ಕಲಿಸುತ್ತಾರೆ. ಅವರ ತರಬೇತಿಯನ್ನು ನಾನು ಈ ವರ್ಷ ಮುಗಿಸಿದೆ. ನಿವೇಶನವೋ, ತೋಟದ ಮನೆಯೋ, ಶಾಲೆಯ ಅಂಗಳವೋ ಕೈಯಲ್ಲಿರುವವರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಗಿಡಗಳ ಸಿದ್ಧಪಟ್ಟಿಯೊಂದನ್ನು ಕೈಗಿತ್ತು ಕಳಿಸುವ ಕಾರ್ಯಾಗಾರಗಳು ಬೇಕಾದಷ್ಟಿವೆ. ಯಾವ ನೆಲ ಯಾವ ಗಿಡವನ್ನು ಕೇಳುತ್ತದೆ ಎಂಬುದನ್ನು ಕಲಿಯುವವರೇ ನಿರ್ಧರಿಸುವಂತೆ ಮಾಡುವುದು ಈ ತರಬೇತಿಯ ಹೆಚ್ಚುಗಾರಿಕೆ.

ಮೊದಲ ತರಗತಿಯಲ್ಲೇ ‘ಸ್ಥಳೀಯ’ ಎಂಬುದರ ವ್ಯಾಪ್ತಿಯನ್ನು ಬಿಗಿಯಾಗಿ ಹಿಡಿಯುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿದರೆ, ಕೋಲಾರದ ಕಡೆ ಬೀಳುವುದು ಸುಮಾರು 700ರಿಂದ 750 ಮಿ.ಮೀ. ಮಾತ್ರ. ಹೀಗಿರುವಾಗ ಪಶ್ಚಿಮಘಟ್ಟದ ಸುರಗಿ, ರಾಮಪತ್ರೆಗಳನ್ನು ತಂದು ಬಯಲುಸೀಮೆಯ ಕೆಮ್ಮಣ್ಣಿನಲ್ಲಿ ನೆಟ್ಟು, ಕರ್ನಾಟಕದ ಗಿಡವೆಂಬ ಒಂದೇ ಕಾರಣಕ್ಕೆ ಅದನ್ನು ಸ್ಥಳೀಯ ತೋಟವೆಂದು ಕರೆಯಲಾಗದು. ಈ ಭಾಗದ ಕುರುಚಲು ಕಾಡಿಗೆ ಸೇರಿದ ಮುತ್ತುಗ, ಕಕ್ಕೆ, ಹೊಂಗೆ, ತಪಸಿ, ತುಗ್ಗಲಿ, ಕವಳೆ, ತಂಗಡಿಗಳೇ ಪಾಠದ ಮೂಲ ಸಾಮಗ್ರಿ. ಯಾವ ಸಸ್ಯ ಯಾವ ಜಿಲ್ಲೆಯಲ್ಲಿ ಸಹಜವಾಗಿ ಬೆಳೆಯುತ್ತದೆಂದು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಸಸ್ಯಸಂಗ್ರಹಾಲಯದವರು ಅಂತರ್ಜಾಲದಲ್ಲಿ ಒದಗಿಸಿರುವ ಕರ್ನಾಟಕದ ಸಸ್ಯಕೋಶವನ್ನು ಬಳಸುವ ಅಭ್ಯಾಸ ಮಾಡಿಸುತ್ತಾರೆ. ಮೂಲದಲ್ಲಿ ಆಫ್ರಿಕಾದ್ದಾದರೂ ನಮ್ಮ ಗುಂಡುತೋಪುಗಳಲ್ಲಿ ತಲೆತಲಾಂತರದಿಂದ ನಿಂತಿರುವ ಹುಣಸೆಯನ್ನು ಎಲ್ಲಿ ಸೇರಿಸಬೇಕೆಂಬ ಚರ್ಚೆ ಬಹಳ ಹೊತ್ತು ನಡೆಯಿತು. ಅದನ್ನು ಬೋಧಕರು ಬಲವಂತವಾಗಿ ತೀರ್ಮಾನಿಸದೆ ಬಿಟ್ಟದ್ದು ನನಗೆ ಸರಿಯೆನಿಸಿತು.

ನೆಲವನ್ನು ಅರಿಯುವ ಪಾಠ ಅತ್ಯುತ್ತಮವಾಗಿದೆ. ಒಂದಡಿ ಆಳದ ಗುಂಡಿ ತೋಡಿಸಿ, ನೀರು ತುಂಬಿಸಿ, ಅದು ಪೂರ್ತಿ ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತೆಂದು ಅಳತೆಪಟ್ಟಿ ಇಟ್ಟು ನೋಡಿಸುತ್ತಾರೆ. ನರ್ಸರಿಯ ಹಿಂಬದಿಯ ಗರಸು ಮಣ್ಣಿನ ಗುಂಡಿ ನೋಡನೋಡುತ್ತಲೇ ಬರಿದಾಯಿತು. ಅಲ್ಲಿಂದ ಕೂಗಳತೆಯಲ್ಲಿ, ಟ್ರ್ಯಾಕ್ಟರ್ ಓಡಾಡಿ ಗಟ್ಟಿಯಾದ ಜಾಗದ ಗುಂಡಿಯಲ್ಲಿ ಊಟ ಮುಗಿಸಿ ಬಂದಾಗಲೂ ನೀರು ನಿಂತಿತ್ತು. ಒಂದೇ ಹೊಲದ ಎರಡು ಮೂಲೆಗಳಿಗೆ ಬೇರೆ ಬೇರೆ ಗಿಡಗಳು ಏಕೆ ಬೇಕೆಂಬುದನ್ನು ಇದಕ್ಕಿಂತ ಚೆನ್ನಾಗಿ ವಿವರಿಸಲು ಸಾಧ್ಯವಿಲ್ಲ. ನಕ್ಷೆಯ ಅಭ್ಯಾಸವೂ ಅಷ್ಟೇ ಉಪಯುಕ್ತವಾಗಿದೆ. 30×40 ಅಡಿಯ ನಿವೇಶನವನ್ನು ಒಂದು ಮೀಟರಿಗೆ ಒಂದು ಸೆಂಟಿಮೀಟರಿನಂತೆ ಬರೆದರೆ ಅದರ ಅಗಲ ಒಂಬತ್ತು ಸೆಂಟಿಮೀಟರಿನಷ್ಟಾಗುತ್ತದೆ. ಬೆಳೆದ ಹೊಂಗೆಯ ಹರವು ಎಂಟು ಮೀಟರನ್ನು ಸುಲಭವಾಗಿ ಮುಟ್ಟುವುದರಿಂದ, ಕೈವಾರದಿಂದ ಆ ಒಂದು ವೃತ್ತವನ್ನು ಎಳೆದ ಕೂಡಲೇ ಮನೆಗೆಂದು ಬಿಟ್ಟ ಜಾಗವೆಲ್ಲ ಅದರೊಳಗೆ ಸೇರಿಹೋಗುತ್ತದೆ. ಸಸಿ ಕೊಳ್ಳುವ ಮೊದಲು ಪ್ರತಿಯೊಬ್ಬರೂ ಈ ವೃತ್ತವನ್ನು ಎಳೆದು ನೋಡಬೇಕು. ಚದರ ಮೀಟರಿಗೆ ಮೂರ್ನಾಲ್ಕು ಸಸಿ ನೆಡುವ ಮಿಯಾವಾಕಿ ವಿಧಾನದ ಕುರಿತೂ ಅವರು ಸ್ಪಷ್ಟವಾಗಿ ಮಾತನಾಡಿದರು. ಮರಗಳ ನಡುವೆ ಹುಲ್ಲು, ಪೊದೆ, ಬಂಡೆಗಳಿಗೆ ಎಡೆಯಿರುವುದೇ ಸಹಜವಾದ ಈ ಸೀಮೆಗೆ ಅಂಥ ದಟ್ಟಣೆ ಹೊಂದದು ಎಂಬುದು ಅವರ ನಿಲುವು. ನನ್ನದೂ ಅದೇ.

ಹೂವಿನ ವಿಷಯದಲ್ಲಿ ಬೋಧಕರು ತೋರಿದ ಸಮಚಿತ್ತ ಮೆಚ್ಚುವಂಥದ್ದು. 1908ರಿಂದ 1932ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರು, ಒಂದು ಮರದ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದ್ದನ್ನು ಗೌರವದಿಂದಲೇ ವಿವರಿಸಿ, ಅದೇ ಕ್ರಮವನ್ನು ಈ ನೆಲದ ಗಿಡಗಳಿಂದ ಸಾಧಿಸುವ ವಾರ್ಷಿಕ ಪಟ್ಟಿಯೊಂದನ್ನು ನಮ್ಮಿಂದ ತಯಾರು ಮಾಡಿಸಿದರು. ಎಲೆಯುದುರಿದ ಕೊಂಬೆಗಳ ಮೇಲೆ ಫೆಬ್ರವರಿಯ ಹೊತ್ತಿಗೆ ಮುತ್ತುಗ ಕೆಂಪಾಗಿ ತುಂಬಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳುಗಳಿಗೆ ಹೊಂಗೆ ಮತ್ತು ಕಕ್ಕೆ, ಮಳೆ ಬಿದ್ದ ಮೇಲೆ ತಂಗಡಿ, ಚಳಿಗಾಲಕ್ಕೆ ಗೋರಟೆ. ಹೊರದೇಶದ ಜಕರಂಡ, ಟಬೂಬಿಯಗಳಿಲ್ಲದೆಯೂ ಅಂಗಳ ವರ್ಷವಿಡೀ ಬಣ್ಣದಿಂದಿರಬಹುದು ಎಂಬುದು ಕಾಗದದ ಮೇಲೆ ಮನದಟ್ಟಾಯಿತು.

ಹುಳುಗಳ ಪಾಠದಲ್ಲಿ ಬೋಧಕರು ಬೇಲಿಯ ಬದಿಯ ಎಕ್ಕದ ಎಲೆಯೊಂದನ್ನು ಮಗುಚಿ ತೋರಿಸಿದರು. ಕಪ್ಪು, ಬಿಳಿ, ಹಳದಿ ಪಟ್ಟೆಗಳ ಚಿಟ್ಟೆಮರಿಯೊಂದು ಎಲೆಯ ಅಂಚನ್ನು ಕೊರೆದು ತಿನ್ನುತ್ತಿತ್ತು. ಕಕ್ಕೆಯ ಚಿಗುರಿನಲ್ಲಿ ಬೇರೆಯೇ ಜಾತಿಯ ಹಸಿರು ಹುಳುಗಳಿದ್ದವು. ಎಲೆಯಲ್ಲಿ ತೂತು ಕಂಡೊಡನೆ ಔಷಧಿ ಸಿಂಪಡಿಸಿದರೆ ಚಿಟ್ಟೆಯೂ ಇರುವುದಿಲ್ಲ, ಮರಿಗಳಿಗೆ ಅವೇ ಹುಳುಗಳನ್ನು ಉಣಿಸುವ ಹಕ್ಕಿಯೂ ಬರುವುದಿಲ್ಲ. ಈ ಮಾತನ್ನು ಹುಳುವನ್ನು ಎದುರಿಗಿಟ್ಟುಕೊಂಡು ಕೇಳಿದ್ದರಿಂದ ಅದು ಮನಸ್ಸಿನಲ್ಲಿ ನಿಂತಿದೆ.

ಬೀಜೋಪಚಾರದ ಭಾಗ ಚುಟುಕಾದರೂ ಸಾಕಷ್ಟಿದೆ. ಕಕ್ಕೆಯ ಗಟ್ಟಿ ಬೀಜವನ್ನು ಉಜ್ಜಿ ನೆನೆಸಬೇಕು, ಹೊಂಗೆಗೆ ಅದಾವುದೂ ಬೇಡ. ಹೊಂಗೆ, ಬೇವು, ನೇರಳೆಗಳ ಸಸಿಗಳು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತವೆ. ಪೊದೆ ಜಾತಿಯ ಗಿಡಗಳನ್ನು ಬಹುಮಟ್ಟಿಗೆ ನಾವೇ ಎಬ್ಬಿಸಿಕೊಳ್ಳಬೇಕು.

ಕೊರತೆಗಳೂ ಇವೆ. ಹುಲ್ಲುಗಳಿಗೆ ಮೀಸಲಾದ ಸಮಯ ತೀರ ಕಡಿಮೆ. ಲಾನ್ ಬೇಡವೆಂದ ಮೇಲೆ ಆ ಜಾಗದಲ್ಲಿ ಏನನ್ನು ಬೆಳೆಸಬೇಕೆಂಬುದಕ್ಕೆ ಗರಿಕೆ, ಲಾವಂಚಗಳ ಹೆಸರು ಹೇಳಿ ಮುಂದೆ ಸಾಗಿದರು. ಸ್ಥಳೀಯ ಗಿಡಗಳಿಗೂ ಮೊದಲ ಎರಡು ಬೇಸಿಗೆ ನೀರು ಕೊಡಲೇಬೇಕು. ಬೇಸಿಗೆಯಲ್ಲಿ ತೋಟದ ಒಂದು ಭಾಗ ಒಣಗಿ ಕಂದಾಗುವುದು ಸಹಜವೆಂದು ಮನೆಯವರನ್ನೂ ಬಡಾವಣೆಯ ಸಂಘದವರನ್ನೂ ಒಪ್ಪಿಸಬೇಕು. ಇವೆರಡನ್ನೂ ಕೊನೆಯ ಅರ್ಧ ಗಂಟೆಯಲ್ಲಿ ಮುಗಿಸಿದ್ದು ನ್ಯಾಯವಲ್ಲ. ಇದಕ್ಕಿಂತ ದೊಡ್ಡ ಆಕ್ಷೇಪವೆಂದರೆ ಕೈಪಿಡಿ ಕೇವಲ ಇಂಗ್ಲಿಷಿನಲ್ಲಿದೆ. ಯಜಮಾನರು ಎಷ್ಟೇ ಕಲಿತು ಬರಲಿ, ದಿನವೂ ಕತ್ತರಿ ಹಿಡಿಯುವವರು ಮಾಲಿಗಳು. ತಾನಾಗಿ ಹುಟ್ಟಿದ ತಂಗಡಿಯ ಸಸಿಯನ್ನು ಅವರು ಕಳೆಯೆಂದು ಕಿತ್ತರೆ ವಿನ್ಯಾಸವೇ ಉಳಿಯುವುದಿಲ್ಲ. ಆದ್ದರಿಂದ ಮಾಲಿಗಳಿಗೆಂದೇ ಕನ್ನಡದಲ್ಲಿ ಒಂದು ದಿನದ ಪಾಠವನ್ನು, ಅದೇ ಶುಲ್ಕದೊಳಗೆ, ಸೇರಿಸಬೇಕೆಂದು ಸಂಘಟಕರಿಗೆ ಬರೆದು ಕೊಟ್ಟಿದ್ದೇನೆ.

ಶುಲ್ಕ ಕಡಿಮೆಯೇನಲ್ಲ, ಆದರೂ ಕೊಟ್ಟ ಹಣಕ್ಕೆ ಮೋಸವಿಲ್ಲ. ಸೇರುವವರು ಬೇಸಿಗೆಯ ತಂಡವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ನೆಲ ತನ್ನ ಕಷ್ಟದ ರೂಪದಲ್ಲಿರುವಾಗ ಅಳತೆ, ನಕ್ಷೆಗಳನ್ನು ಮುಗಿಸಿಕೊಂಡರೆ, ಜೂನ್ ತಿಂಗಳಲ್ಲಿ ಮುಂಗಾರು ಹಿಡಿಯುವಷ್ಟರಲ್ಲಿ ಗುಂಡಿಗಳನ್ನು ತೆಗೆದು ಸಸಿ ನೆಡಲು ಸಿದ್ಧರಾಗಿರಬಹುದು.