ಲ್ಯಾಬ್ ಸೆಟಪ್ ಮಾಡಿಸುವವರೇ, ಕಮಾಂಡ್ ಹೊಡೆದ ಮೇಲೆ ಕಾಯುವ ಆ 60 ಸೆಕೆಂಡ್ ಎಣಿಸಿ ನೋಡಿ. ನಾನು ಎಣಿಸದೆ ರೊಕ್ಕ ಕಳಕೊಂಡೆ

ಇದನ್ನು ಬರೆಯಲೋ ಬೇಡವೋ ಅಂತ ಎಂಟು ದಿನ ತಡೆದೆ. ನಾಚಿಕೆ, ಮತ್ತೇನಿಲ್ಲ. ಕಂಪ್ಯೂಟರ್ ಕಲಿಸುವವನೇ ಕಂಪ್ಯೂಟರಿನಲ್ಲಿ ಮೋಸ ಹೋದ ಅಂದರೆ ನಮ್ಮ ಕ್ಲಾಸಿಗೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಆದರೆ ನಿನ್ನೆ ಕಿವಿಗೆ ಬಿತ್ತು: ನನ್ನ ಲ್ಯಾಬ್ ಸೆಟಪ್ ಮಾಡಿ ಮೋಸ ಮಾಡಿದ ಅದೇ ಮನುಷ್ಯ ಬಾಗಲಕೋಟೆ ನವನಗರದ ಒಂದು ಲ್ಯಾಬಿಗೂ ಇದೇ ಸೆಟಪ್ ಮಾಡಿಕೊಡಲು ಹೊರಟಿದ್ದಾನಂತೆ. ಅದಕ್ಕೇ ಬರೆಯುತ್ತಿದ್ದೇನೆ. ಅವನ ಹೆಸರು ಹಾಕುವುದಿಲ್ಲ. ಹಾಕಿದರೆ ಮಾತು ಹೆಸರಿನ ಮೇಲೆ ಹೋಗುತ್ತದೆ, ಕೆಲಸದ ಮೇಲೆ ಉಳಿಯುವುದಿಲ್ಲ.

ವಿಜಯಪುರ ಗಾಂಧಿ ಚೌಕದ ಹತ್ತಿರ ಮಾಳಿಗೆ ಮೇಲೆ ನನ್ನದೊಂದು ಸಣ್ಣ ಲ್ಯಾಬ್. 16 ಕಂಪ್ಯೂಟರ್. ಬಿಸಿಎ, ಡಿಪ್ಲೊಮಾ ಹುಡುಗರಿಗೆ ಲಿನಕ್ಸ್, ನೆಟ್‌ವರ್ಕಿಂಗ್ ಹೇಳಿಕೊಡುತ್ತೇನೆ. ವಿಂಡೋಸ್ ಮೇಲೆ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವಿಎಂ, ನಡೆಸುವ ಸಾಫ್ಟ್‌ವೇರ್), ಅದನ್ನು ಕಮಾಂಡ್ ಹೊಡೆದು ನಡೆಸಲು ವೇಗ್ರಂಟ್ ಅನ್ನುವ ಟೂಲ್. ಗೊತ್ತಿದ್ದವರಿಗೆ ಗೊತ್ತು, ಲ್ಯಾಬಿಗೆ ಇದಕ್ಕಿಂತ ಚಲೋ ವ್ಯವಸ್ಥೆ ಇಲ್ಲ. ಹುಡುಗರು ಒಳಗಿನ ಲಿನಕ್ಸನ್ನು ಏನು ಬೇಕಾದರೂ ಕೆಡಿಸಲಿ, ವೇಗ್ರಂಟ್ ಡೆಸ್ಟ್ರಾಯ್ ಅಂತ ಹೊಡೆದು ಮತ್ತೆ ವೇಗ್ರಂಟ್ ಅಪ್ ಅಂದರೆ ಹೊಸದು ಬಂದು ನಿಲ್ಲುತ್ತದೆ. ಇದು 2010ರಿಂದ ಇರುವ ಟೂಲ್, ಪುಕ್ಕಟೆ ಸಿಗುತ್ತದೆ. ಮೊದಲೇ ಹೇಳಿಬಿಡುತ್ತೇನೆ, ತಪ್ಪು ಟೂಲಿನದಲ್ಲ. ಟೂಲ್ ನನಗೆ ನಿಜವನ್ನೇ ಹೇಳಿತ್ತು. ನಾನು ಓದಲಿಲ್ಲ.

2024ರ ಮಾರ್ಚ್‌ನಲ್ಲಿ ಲ್ಯಾಬ್ ಹೊಸದಾಗಿ ಮಾಡಿಸಿದಾಗ ನನಗೆ ಕೂತು ಹದಿನಾರು ಮಷೀನಿಗೆ ಇನ್‌ಸ್ಟಾಲ್ ಮಾಡುವಷ್ಟು ಪುರುಸೊತ್ತು ಇರಲಿಲ್ಲ. ಪರಿಚಯದವರು ಈತನನ್ನು ಕಳಿಸಿದರು. ಸೆಟಪ್‌ಗೆ 38,000, ವರ್ಷದ ಎಎಂಸಿ (ನಿರ್ವಹಣೆ ಗುತ್ತಿಗೆ) 12,000. ಮಾತು ಭಾಳ ಮೆತ್ತಗೆ, ಸರ ಅನ್ನದೆ ಬಾಯಿ ಬಿಡುವುದಿಲ್ಲ. ಕೊನೆಗೆ ಪೆನ್‌ಡ್ರೈವ್ ತೆಗೆದು, "ಸರ, ಇದು ನಮ್ಮದ ಪ್ಲಗಿನ್ ರಿ. ಶೇರ್ಡ್ ಫೋಲ್ಡರ್ ಪ್ರಾಬ್ಲಮ್ ಬರಂಗಿಲ್ಲ, ಸ್ಪೀಡೂ ಬರ್ತದ. ಬ್ಯಾರೆಯವರಿಗೆ ಇದಕ್ಕ ಬ್ಯಾರೆ ಚಾರ್ಜ್ ಹಚ್ತೀವಿ, ನಿಮಗ ಫ್ರೀ" ಅಂದ. (ಪ್ಲಗಿನ್ ಅಂದರೆ ಟೂಲಿಗೆ ಹೊರಗಿನಿಂದ ಜೋಡಿಸುವ ಸಣ್ಣ ಪ್ರೋಗ್ರಾಂ. ಶೇರ್ಡ್ ಫೋಲ್ಡರ್ ಅಂದರೆ ವಿಂಡೋಸಿಗೂ ಒಳಗಿನ ಲಿನಕ್ಸಿಗೂ ಕಾಣುವ ಫೋಲ್ಡರ್.) ಫ್ರೀ ಅಂದ ಕೂಡಲೇ ನನ್ನ ಬುದ್ಧಿ ಚಾಲೂ ಆಗಬೇಕಿತ್ತು. ಆಗಲಿಲ್ಲ. ಚಹಾ ತರಿಸಿದೆ.

ಶ್ರಾವಣದ ತನಕ ಎಲ್ಲ ಸರಿ ಇತ್ತು. ಆಮೇಲೆ ಶುರುವಾಯಿತು. ಯಾವ ಕಮಾಂಡ್ ಹೊಡೆದರೂ ಮೊದಲು ಏನೂ ಬರುವುದಿಲ್ಲ, ಕಪ್ಪು ಪರದೆ ಸುಮ್ಮನೆ ಕೂತಿರುತ್ತದೆ. ವಿಎಂ ಎಬ್ಬಿಸಲು ಹೊತ್ತಾದರೆ ಒಪ್ಪೋಣ. ವೇಗ್ರಂಟ್ ಸ್ಟೇಟಸ್ ಅಂತ ಬರೀ ಕೇಳಿದರೂ ಅಷ್ಟೇ ಹೊತ್ತು, ನಿಲ್ಲಿಸಲು ಹಾಲ್ಟ್ ಅಂದರೂ ಅಷ್ಟೇ ಹೊತ್ತು. ಒಂದು ತಾಸಿನ ಪ್ರಾಕ್ಟಿಕಲ್‌ನಲ್ಲಿ ಹುಡುಗರು ಹತ್ತು ಕಮಾಂಡ್ ಹೊಡೆದರೆ ಹತ್ತು ನಿಮಿಷ ಕಾಯುವುದರಲ್ಲೇ ಹೋಯಿತು.

ಫೋನ್ ಮಾಡಿದೆ. "ಸರ, ವಿಎಂ ಅಂದ್ರ ಮೆಮೊರಿ ತಿಂತದ್ರಿ. 8 ಜಿಬಿ ಯಾತಕ್ಕೂ ಸಾಲೂದಿಲ್ಲ. ರ‍್ಯಾಮ್ ಹಾಕ್ಸ್ರಿ." ನಮ್ಮದು ಒಂದೊಂದು ಜಿಬಿಯ ಎರಡು ವಿಎಂ, ಅಷ್ಟೇ. 8 ಜಿಬಿಯಲ್ಲಿ ಆರಾಮ ನಡೆಯಬೇಕು. ಲೆಕ್ಕ ನನಗೆ ಬರುತ್ತಿತ್ತು, ಆದರೂ ದಸರಾ ಮುಂಚೆ 16 ಮಷೀನಿಗೂ ರ‍್ಯಾಮ್ ಹಾಕಿಸಿದೆ, ಒಂದಕ್ಕೆ 2,600, ಅವನ ಕೈಯಿಂದಲೇ. 41,600 ರೂಪಾಯಿ. ಹಾಕಿ ಹೋದ. ಮರುದಿನ ವೇಗ್ರಂಟ್ ಸ್ಟೇಟಸ್ ಹೊಡೆದೆ. ಅಷ್ಟೇ ಹೊತ್ತು. ಒಂದು ಸೆಕೆಂಡೂ ಕಡಿಮೆಯಾಗಲಿಲ್ಲ. ಕೇಳಿದರೆ, "ಈಗ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕ್ಬೇಕಾಗ್ತದ್ರಿ ಸರ." ಅದಕ್ಕೆ ಪುಣ್ಯಕ್ಕೆ ನನ್ನ ಹತ್ತಿರ ರೊಕ್ಕ ಇರಲಿಲ್ಲ.

ಈಗ ಏಪ್ರಿಲ್ 1ಕ್ಕೆ ಬನ್ನಿ. 2025. ಭಾನುವಾರ ಯುಗಾದಿ, ಸೋಮವಾರ ರಮ್ಜಾನ್, ಎರಡು ದಿನ ಲ್ಯಾಬ್ ಮುಚ್ಚಿದ್ದೆ. ಮಂಗಳವಾರ ಬೆಳಿಗ್ಗೆ ಬ್ಯಾಚ್ ಬಂದು ಕೂತಿತು. ಹದಿನಾರಕ್ಕೆ ಹದಿನಾರೂ ಸತ್ತಿದ್ದವು. ಎಲ್ಲದರಲ್ಲೂ ಒಂದೇ ಸಂದೇಶ: "ವೇಗ್ರಂಟ್ ಫೇಲ್ಡ್ ಟು ಇನಿಶಿಯಲೈಸ್ ಅಟ್ ಅ ವೆರಿ ಅರ್ಲಿ ಸ್ಟೇಜ್." ಅದರ ಕೆಳಗೆ ಒಂದು ಸಾಲು. ಅದರ ಕೆಳಗೆ, "ಲೈಸೆನ್ಸ್ ಎಕ್ಸ್‌ಪೈರ್ಡ್." ಹಿಂದಿನ ಬೆಂಚಿನ ಹುಡುಗನೊಬ್ಬ "ಸರ, ಏಪ್ರಿಲ್ ಫೂಲ್ ಮಾಡಾಕತ್ತೀರೇನ್ರಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಫೂಲ್ ಯಾರು ಅಂತ ಆಗ ಗೊತ್ತಿರಲಿಲ್ಲ.

ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳುತ್ತದೆ ಅಂತಾರಲ್ಲ, ಈ ಪುಣ್ಯಾತ್ಮನಿಗೆ ಏಳು ಸಲ ಫೋನ್ ಮಾಡಿದರೂ ಒಮ್ಮೆ ಉತ್ತರ ಇಲ್ಲ. ಮಧ್ಯಾಹ್ನ ತಾನೇ ಮಾಡಿದ. ಆಶ್ಚರ್ಯವೇ ಪಡಲಿಲ್ಲ ಅವನು! ಏನಾಯಿತು ಅಂತ ಕೇಳಲೂ ಇಲ್ಲ. "ಹೌದ್ರಿ ಸರ, ವೇಗ್ರಂಟಿಂದು ಲೈಸೆನ್ಸ್ ಬದಲಾಗ್ಯದ. ಕಂಪನಿಯವ್ರು ಮೊದಲಿನಂಗ ಇಟ್ಟಿಲ್ರಿ. ರಿನ್ಯೂವಲ್ ಮಾಡಿಸ್ಬೇಕಾಗ್ತದ, ಎಎಂಸಿ ಕೂಡಿ 18,000."

ನಾನು ಅಷ್ಟು ದಡ್ಡನಲ್ಲ ಅಂದುಕೊಂಡು ಹುಡುಕಿ ನೋಡಿದೆ. ನಿಜ! 2023ರ ಆಗಸ್ಟ್‌ನಲ್ಲಿ ವೇಗ್ರಂಟ್ ಮಾಡುವ ಹ್ಯಾಶಿಕಾರ್ಪ್ ಕಂಪನಿ ತನ್ನ ಟೂಲ್‌ಗಳ ಲೈಸೆನ್ಸನ್ನು ಬಿಎಸ್‌ಎಲ್ (ಬಿಸಿನೆಸ್ ಸೋರ್ಸ್ ಲೈಸೆನ್ಸ್) ಅನ್ನುವುದಕ್ಕೆ ಬದಲಿಸಿದ್ದು ನಿಜ. ಅಷ್ಟು ಓದಿದೆ, ನಂಬಿದೆ. ಮುಂದಿನ ಪ್ಯಾರಾ ಓದಲಿಲ್ಲ. ಆ ಬದಲಾವಣೆ ಕಟ್ಟಿಹಾಕುವುದು ಅದೇ ಟೂಲ್ ಇಟ್ಟುಕೊಂಡು ಆ ಕಂಪನಿಗೇ ಪೈಪೋಟಿ ಕೊಡುವ ಸರಕು ಮಾರುವವರನ್ನು. ನನ್ನಂಥ ಲ್ಯಾಬಿನವನು ಒಂದು ಪೈಸೆ ಕಟ್ಟಬೇಕಿಲ್ಲ, ತಾರೀಖು ಮುಗಿದು ಟೂಲ್ ನಿಲ್ಲುವುದಂತೂ ಇಲ್ಲವೇ ಇಲ್ಲ. ಸುಳ್ಳಿಗೆ ಅರ್ಧ ನಿಜ ಬೆರೆಸಿದರೆ ಹೇಗೆ ನುಂಗುತ್ತೇವೆ ನೋಡಿ.

18,000 ಹಾಕಿದೆ. ದೂರದಿಂದಲೇ ಒಂದೊಂದಾಗಿ ಮಷೀನ್ ಒಳಗೆ ಬಂದ, ಒಂದಕ್ಕೆ ಎರಡು ನಿಮಿಷ ಹಿಡಿಯಲಿಲ್ಲ. ಎಲ್ಲ ಎದ್ದವು. "ಆಯ್ತ್ರಿ ಸರ, ಇನ್ನ ವರ್ಷ ಚಿಂತಿಲ್ಲ" ಅಂದ. ಇನ್ನ ವರ್ಷ. ಆ ಮಾತನ್ನು ನೆನಪಿಟ್ಟುಕೊಳ್ಳಿ.

ಗುಟ್ಟು ಒಡೆದದ್ದು ನಾನಲ್ಲ, ಇಂಡಿ ಕಡೆಯಿಂದ ದಿನಾ ಬಸ್ಸಿಗೆ ಬರುವ ಡಿಪ್ಲೊಮಾ ಹುಡುಗಿ. ಅವಳ ಮನೆಯ ಹಳೇ ಲ್ಯಾಪ್‌ಟಾಪ್, 4 ಜಿಬಿ. "ಸರ, ನಮ್ಮ ಮನ್ಯಾಗ ವೇಗ್ರಂಟ್ ಸ್ಟೇಟಸ್ ಜಲ್ದಿ ಬರ್ತದ್ರಿ. ಇಲ್ಲಿ ಯಾಕ ಸರಿಯಾಗಿ 60 ಸೆಕೆಂಡ್? ನಾ ಎಣಿಸೀನ್ರಿ, ಒಮ್ಮೆನೂ 59 ಇಲ್ಲ, 65 ಇಲ್ಲ." ನಾನು "ಲೋಡ್ ಜಾಸ್ತಿ ಇರ್ತದವ್ವ" ಅಂತ ಹಾರಿಸಿಬಿಟ್ಟೆ. ಮರುದಿನ ಅವಳು ಮಷೀನಿನ ನೆಟ್ ಕೇಬಲ್ ಕಿತ್ತು ಹೊಡೆದು ತೋರಿಸಿದಳು. ತಟ್ಟನೆ ಬಂತು. ಕೇಬಲ್ ಚುಚ್ಚಿದರೆ 60. ಕಿತ್ತರೆ ತಟ್ಟನೆ. ರ‍್ಯಾಮ್‌ಗೂ ನೆಟ್ ಕೇಬಲ್ಲಿಗೂ ಏನು ಸಂಬಂಧ? ಕೈ ತಣ್ಣಗಾಯಿತು ನನಗೆ.

ವೇಗ್ರಂಟ್‌ಗೆ ಲಾಗ್ ತೋರಿಸು ಅಂತ ಹೇಳಬಹುದು. ಕಮಾಂಡ್ ಪ್ರಾಂಪ್ಟ್‌ನಲ್ಲಿ ವೇಗ್ರಂಟ್_ಲಾಗ್ ಅನ್ನುವ ವೇರಿಯೇಬಲ್‌ಗೆ ಇನ್ಫೋ ಅಂತ ಕೊಟ್ಟರೆ ಒಳಗೆ ಏನು ನಡೆಯುತ್ತಿದೆ ಅಂತ ಸಾಲುಸಾಲಾಗಿ ಹೇಳುತ್ತದೆ. ಕೊಟ್ಟೆವು. ಸಾಲುಗಳು ಸರಸರ ಬಂದು ಒಂದು ಕಡೆ ನಿಂತವು. ಎಲ್ಲಿ? ಪ್ಲಗಿನ್ ಲೋಡ್ ಆಗುವಲ್ಲಿ, ಅವನ ಪ್ಲಗಿನ್ ಹೆಸರಿನ ಮೇಲೆ. ನಿಮಿಷ ಕಳೆದ ಮೇಲೆ ಮುಂದಕ್ಕೆ ಓಡಿತು.

ಈ ಟೂಲ್ ಹೇಗೆ ಏಳುತ್ತದೆ ಅಂತ ನಾನೇ ಪಾಠ ಮಾಡುತ್ತೇನೆ, ಅದೇ ಹೊಟ್ಟೆ ಉರಿಯುವ ಸಂಗತಿ. ನೀವು ಕಮಾಂಡ್ ಹೊಡೆದ ಕೂಡಲೇ ಅದು ವಿಎಂ ಹತ್ತಿರ ಹೋಗುವುದಿಲ್ಲ. ಮೊದಲು ಯೂಸರ್ ಫೋಲ್ಡರಿನ ಡಾಟ್ ವೇಗ್ರಂಟ್ ಡಾಟ್ ಡಿ ಒಳಗೆ ಯಾವ ಪ್ಲಗಿನ್ ನಮೂದಾಗಿವೆ ಅಂತ ನೋಡಿ ಅವನ್ನೆಲ್ಲ ಲೋಡ್ ಮಾಡುತ್ತದೆ, ಆಮೇಲೆ ವಿಎಂ ಹೇಗಿರಬೇಕು ಅಂತ ಬರೆದಿಟ್ಟ ವೇಗ್ರಂಟ್‌ಫೈಲ್ ಓದುತ್ತದೆ, ಆಮೇಲೆ ನಿಮ್ಮ ಕೆಲಸ. ಪ್ಲಗಿನ್ ಅಂದರೆ ರೂಬಿ ಭಾಷೆಯ ಕೋಡ್, ನಿಮ್ಮ ಲಾಗಿನ್‌ಗೆ ಏನೇನು ಅಧಿಕಾರ ಇದೆಯೋ ಅದೆಲ್ಲ ಅದಕ್ಕೂ ಇದೆ. ಬಾಗಿಲಲ್ಲೇ ಒಬ್ಬನನ್ನು ಕೂರಿಸಿದಂತೆ. ಅವನು ತಡೆದರೆ ಒಳಗಿನ ಯಾರೂ ಏಳುವುದಿಲ್ಲ.

ಪ್ಲಗಿನ್‌ಗಳು ಕೂರುವ ಜೆಮ್ಸ್ ಫೋಲ್ಡರ್ ಬಿಚ್ಚಿ ಅವನ ಪ್ಲಗಿನ್ ಫೈಲ್ ತೆರೆದೆವು. ಬರೀ ಟೆಕ್ಸ್ಟ್ ಅದು, ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಒಂದು ವರ್ಷದಿಂದ ನನ್ನ ಕಣ್ಣ ಮುಂದೆ ಬಿದ್ದಿತ್ತು. ಮುಕ್ಕಾಲು ಭಾಗ, ವಿಎಂ ಒಳಗೆ ಗೆಸ್ಟ್ ಅಡಿಷನ್ಸ್ (ಶೇರ್ಡ್ ಫೋಲ್ಡರ್ ನಡೆಯಲು ಬೇಕಾದ ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರ್) ಹೊಂದಿಸುವ ಒಂದು ಉಚಿತ ಪ್ಲಗಿನ್ನಿನ ನಕಲು, ಬರೆದವನ ಹೆಸರು ಕಿತ್ತು ತನ್ನ ಹೆಸರು ಅಂಟಿಸಿದ್ದ. ಮೇಲೆ ತನ್ನದು ಒಂದಿಷ್ಟು ಸಾಲು. ಮೊದಲು ಅವನದೊಂದು ಸರ್ವರ್‌ಗೆ ಹೋಗಿ ಬಾಗಿಲು ಬಡಿಯುವುದು. ಆ ಸರ್ವರ್ ಯಾವಾಗಲೋ ಸತ್ತಿದೆ, ಉತ್ತರ ಕೊಡುವುದಿಲ್ಲ. ರೂಬಿಯ ಎಚ್‌ಟಿಟಿಪಿ ಲೈಬ್ರರಿಯಲ್ಲಿ ನೀವು ಬೇರೆ ಹೇಳದಿದ್ದರೆ ಕನೆಕ್ಷನ್‌ಗೆ ಕಾಯುವ ಹೊತ್ತು 60 ಸೆಕೆಂಡ್. ಅದೇ ನಮ್ಮ 60. ಅದಕ್ಕೇ ನಾನು 41,600 ಕೊಟ್ಟು ರ‍್ಯಾಮ್ ಹಾಕಿಸಿದ್ದು.

ಅದರ ಕೆಳಗೆ ಇನ್ನೊಂದು ಸಾಲು. ಇವತ್ತಿನ ತಾರೀಖು ಇಂಥದ್ದಕ್ಕಿಂತ ಮುಂದೆ ಹೋಗಿದ್ದರೆ "ಲೈಸೆನ್ಸ್ ಎಕ್ಸ್‌ಪೈರ್ಡ್" ಅಂತ ಎಸೆದು ನಿಲ್ಲು. ತಾರೀಖು: 31 ಮಾರ್ಚ್ 2026. ಹುಡುಗಿ ಬೆರಳಿಟ್ಟು ತೋರಿಸಿದಳು. "ಸರ, ಇದು ಮುಂದಿನ ವರ್ಷದ್ದು ಅಲ್ರಿ?" 18,000ಕ್ಕೆ ಅವನು ಮಾಡಿದ ಕೆಲಸ ಅದು. ಒಂದು ಅಂಕಿ. 5 ಅಳಿಸಿ 6.

ಆ ಅಂಕಿ ನೋಡುತ್ತಾ ಎಷ್ಟು ಹೊತ್ತು ಕೂತೆನೋ. ಪಕ್ಕದಲ್ಲಿ ವಿದ್ಯಾರ್ಥಿನಿ, ನಾನು ಅವಳ ಸರ. ಅವಳು ಏನೂ ಅನ್ನಲಿಲ್ಲ, ಅದೇ ಇನ್ನೂ ಕಷ್ಟ. ಏಪ್ರಿಲ್ 1ರ ಸಂದೇಶದಲ್ಲಿ ನಡುವೆ ಒಂದು ಸಾಲಿತ್ತು ಅಂದೆನಲ್ಲ? "ದಿ ಪ್ಲಗಿನ್ಸ್ ಫೇಲ್ಡ್ ಟು ಲೋಡ್ ಪ್ರಾಪರ್ಲಿ." ಪ್ಲಗಿನ್ ಕೆಟ್ಟಿದೆ, ನಾನಲ್ಲ ಅಂತ ಟೂಲೇ ಬಾಯಿಬಿಟ್ಟು ಹೇಳಿತ್ತು. ನಾನು ಗಾಬರಿಯಲ್ಲಿ ಕೆಳಗಿನ ಸಾಲಷ್ಟೇ ಓದಿದೆ.

ಸಂಜೆ ಫೋನ್ ಮಾಡಿದೆ. ಈ ಸಲ ಮೊದಲ ರಿಂಗಿಗೇ ಎತ್ತಿದ. ಅವನ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ಅದು ಸೆಕ್ಯುರಿಟಿ ಫೀಚರ್ ರಿ ಸರ."

ಯಾರ ಸೆಕ್ಯುರಿಟಿ? "ನಮ್ಮ ಪ್ಲಗಿನ್ ಯಾರೂ ಕದೀಬಾರ್ದಲ್ರಿ." ಕದ್ದದ್ದನ್ನು ಕದಿಯಬಾರದಂತೆ!

ವೇಗ್ರಂಟ್ ಲೈಸೆನ್ಸ್ ಅಂದಿದ್ದೆಯಲ್ಲ? "ಜನರಲ್ ಆಗಿ ಹೇಳಿದ್ನಿರಿ."

ರ‍್ಯಾಮ್ ಯಾಕೆ ಹಾಕಿಸಿದಿ? "ರ‍್ಯಾಮ್ ಜಾಸ್ತಿ ಆದ್ರ ಲುಕ್ಸಾನೇನಿಲ್ಲಲ್ರಿ ಸರ?"

ಮತ್ತೆ ತಿರುಗಿ ನನ್ನನ್ನೇ ಕೇಳಿದ: "ನೀವು ಕೋಡ್ ಯಾಕ ತೆಗೆದು ನೋಡಿದ್ರಿ? ಅದು ಅಗ್ರಿಮೆಂಟಿಗೆ ವಿರುದ್ಧ ಆಗ್ತದ." ನಮ್ಮ ನಡುವೆ ಅಗ್ರಿಮೆಂಟೇ ಇಲ್ಲ, ಒಂದು ಬಿಲ್ಲೂ ಸರಿ ಇಲ್ಲ. ಕೊನೆಗೆ ಅಂದ ಮಾತು ಇವತ್ತಿಗೂ ಚುಚ್ಚುತ್ತಿದೆ: "ಕಂಪ್ಯೂಟರ್ ಕಲಿಸೋರು ನೀವು. ನಿಮಗ ಗೊತ್ತಿರಬೇಕಿತ್ತಲ್ರಿ ಸರ." ಅಷ್ಟು ಮೆತ್ತಗೆ ಅಂದ! ಬೈದಿದ್ದರೆ ಚಲೋ ಇತ್ತು.

ಪ್ಲಗಿನ್ ಕಿತ್ತೆವು. ವೇಗ್ರಂಟ್ ಪ್ಲಗಿನ್ ಅನ್‌ಇನ್‌ಸ್ಟಾಲ್, ಮುಂದೆ ಅದರ ಹೆಸರು, ಮುಗಿಯಿತು. ಆದರೆ ಲ್ಯಾಬ್ ಏಳಲಿಲ್ಲ! "ಅನ್‌ನೋನ್ ಕಾನ್ಫಿಗರೇಶನ್ ಸೆಕ್ಷನ್" ಅಂತ ಬಂತು. ಎಲ್ಲ ವೇಗ್ರಂಟ್‌ಫೈಲ್‌ನಲ್ಲೂ ತನ್ನ ಪ್ಲಗಿನ್ನಿನ ಎರಡು ಸಾಲು ತುರುಕಿಟ್ಟಿದ್ದ, ಕಿತ್ತವರು ಹೆದರಿ ಮತ್ತೆ ಅವನ ಬಾಗಿಲಿಗೇ ಹೋಗಲಿ ಅಂತ. ಆ ಎರಡು ಸಾಲು ಅಳಿಸಿದೆವು, ಎದ್ದಿತು. ಶೇರ್ಡ್ ಫೋಲ್ಡರೂ ನಡೆಯಿತು, ಯಾಕೆಂದರೆ ನಾವು ಬಳಸುವ ಬಾಕ್ಸ್‌ನಲ್ಲಿ (ವಿಎಂನ ಸಿದ್ಧ ಅಚ್ಚಿನಲ್ಲಿ) ಗೆಸ್ಟ್ ಅಡಿಷನ್ಸ್ ಮೊದಲೇ ಇತ್ತು. ಆ ಪ್ಲಗಿನ್ ನಮಗೆ ಬೇಕೇ ಇರಲಿಲ್ಲ. ಮೊದಲ ದಿನದಿಂದಲೂ ಬೇಕಿರಲಿಲ್ಲ.

ಪರಿಚಯದ ವಕೀಲರಿಗೆ ತೋರಿಸಿದೆ. ಕಂಪ್ಯೂಟರಿನ ಮಾಲೀಕನನ್ನೇ ಹೀಗೆ ಹೊರಗಿಡುವುದು 2000ದ ಐಟಿ ಕಾಯ್ದೆಯ ಕಲಂ 43ರಲ್ಲಿ ಬರುತ್ತದೆ ಅಂದರು. "ಕಾಗದ ಏನದ?" ಅಂತಲೂ ಕೇಳಿದರು. ನನ್ನ ಹತ್ತಿರ ಫೋನ್‌ಪೇ ಸ್ಕ್ರೀನ್‌ಶಾಟ್ ಇದೆ, ಮತ್ತು ಆ ಫೈಲ್ ಇದೆ.

ನಿಮ್ಮ ಲ್ಯಾಬಿಗೂ ಯಾರಾದರೂ ಪೆನ್‌ಡ್ರೈವಿನಿಂದ ಪ್ಲಗಿನ್ ಹಾಕಿದ್ದರೆ ಇವತ್ತೇ ವೇಗ್ರಂಟ್ ಪ್ಲಗಿನ್ ಲಿಸ್ಟ್ ಹೊಡೆಯಿರಿ. ಯಾವುದು ಏನು ಅಂತ ಗೊತ್ತಿಲ್ಲದ ಹೆಸರಿದ್ದರೆ ಫೈಲ್ ತೆರೆದು ಓದಿ. ಅನುಮಾನ ಬಂದರೆ ವೇಗ್ರಂಟ್_ನೋ_ಪ್ಲಗಿನ್ಸ್ ಅನ್ನುವ ವೇರಿಯೇಬಲ್‌ಗೆ 1 ಕೊಟ್ಟು ಅದೇ ಕಮಾಂಡ್ ಹೊಡೆಯಿರಿ, ಹೊರಗಿನ ಯಾವ ಪ್ಲಗಿನ್ನೂ ಲೋಡ್ ಆಗುವುದಿಲ್ಲ. ಆಗ ಜಲ್ದಿ ಬಂದರೆ ರ‍್ಯಾಮ್ ಅಂಗಡಿಗೆ ಹೋಗಬೇಡಿ. ನಿಜವಾಗಿ ಪ್ಲಗಿನ್ ಕೆಟ್ಟಿದ್ದಾಗ ಸರಿಮಾಡಲು ಪ್ಲಗಿನ್ ರಿಪೇರ್, ಪ್ಲಗಿನ್ ಎಕ್ಸ್‌ಪಂಜ್ ಅಂತ ವೇಗ್ರಂಟಿನಲ್ಲೇ ಕಮಾಂಡ್ ಇವೆ, ಅದಕ್ಕೆ ಯಾರಿಗೂ 18,000 ಕೊಡಬೇಕಿಲ್ಲ. ಮತ್ತು ಲ್ಯಾಬಿನ ಅಡ್ಮಿನ್ ಪಾಸ್‌ವರ್ಡ್ ಎಎಂಸಿಯವರ ಕೈಗೆ ಕೊಟ್ಟು ಮರೆಯಬೇಡಿ. ನಾನು ಕೊಟ್ಟು ಮರೆತಿದ್ದೆ.

"ನಿಮ್ಮಂಥ ಇನ್ನೂ ಮೂರು ಲ್ಯಾಬ್ ನಡಸಾಕತ್ತೀನ್ರಿ ಸರ, ಅವ್ರು ಯಾರೂ ಕೇಳಿಲ್ಲ" ಅಂತ ಅವನೇ ಫೋನಿನಲ್ಲಿ ಹೇಳಿದ. ಆ ಮೂರರಲ್ಲಿ ನೀವೊಬ್ಬರಾಗಿದ್ದರೆ, ನಿಮ್ಮ ಎಎಂಸಿ ಮುಗಿಯುವ ತಾರೀಖಿಗಿಂತ ಮುಂಚೆ ಆ ಫೈಲ್ ತೆರೆಯಿರಿ. ಕೆಳಗೆ ತಾರೀಖಿನ ಸಾಲು ಕಂಡರೆ ನನಗೆ ಮೆಸೇಜ್ ಹಾಕಿ, ಇಬ್ಬರೂ ಕೂಡಿ ಠಾಣೆಗೆ ಹೋಗೋಣ. ಒಬ್ಬನೇ ಹೋಗಲು ನನಗೆ ಇನ್ನೂ ನಾಚಿಕೆ.