ಟಿಪ್ಪಣಿಗೆ ಸ್ಯಾಮ್‌ಸಂಗ್, ಸಿನಿಮಾಗೆ ಶಓಮಿ

ಶಓಮಿ ಪ್ಯಾಡ್ 6, ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇ: ಎರಡೂ 2023ರಲ್ಲಿ ಬಂದ ಟ್ಯಾಬ್ಲೆಟ್‌ಗಳು. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಹಿಡಿಸುವುದು ಶಓಮಿಯೇ. 11 ಇಂಚಿನ ಪರದೆ, 144 ಹರ್ಟ್ಸ್ (ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಹೊಸದಾಗುತ್ತದೆ), ನಾಲ್ಕು ಸ್ಪೀಕರ್. ಪಿಡಿಎಫ್‌ನಲ್ಲಿ ಕನ್ನಡದ ಸಣ್ಣ ಒತ್ತಕ್ಷರವೂ ಕಲಸಿಹೋಗದೆ ಕಾಣುತ್ತದೆ. ಸ್ಯಾಮ್‌ಸಂಗ್ 10.9 ಇಂಚು, 90 ಹರ್ಟ್ಸ್‌ಗೆ ನಿಲ್ಲುತ್ತದೆ.

ಆದರೆ ಪರದೆಯ ಮೇಲೆ ಬರೆಯುವ ಪೆನ್ನು! ಸ್ಯಾಮ್‌ಸಂಗ್ ಅದನ್ನು ಡಬ್ಬಿಯಲ್ಲೇ ಕೊಡುತ್ತದೆ, ಚಾರ್ಜ್ ಮಾಡುವ ಗೊಡವೆಯೂ ಇಲ್ಲ. ಶಓಮಿಯದನ್ನು ಬೇರೆಯಾಗಿ ಕೊಳ್ಳಬೇಕು. ಮೆಮೊರಿ ಕಾರ್ಡಿಗೆ ಜಾಗವಿರುವುದೂ ಸ್ಯಾಮ್‌ಸಂಗ್‌ನಲ್ಲಿ ಮಾತ್ರ. ನೀರು, ಧೂಳು ತಡೆಯುವ ಐಪಿ68 ರಕ್ಷಣೆ ಇರುವುದರಿಂದ ಪಕ್ಕದ ನೀರಿನ ಲೋಟ ಉರುಳಿದರೂ ಎದೆ ಧಸಕ್ಕೆನ್ನುವುದಿಲ್ಲ. ಚಾರ್ಜರ್ ಮಾತ್ರ ಡಬ್ಬಿಯಲ್ಲಿಲ್ಲ. ಈ ಜಿಪುಣತನ ನನಗೆ ಹಿಡಿಸದು.

ಕಾಲೇಜಿಗೆ ಹೋಗುವ ಮಗಳಿಗಾದರೆ ಸ್ಯಾಮ್‌ಸಂಗ್ ಕೊಡಿಸುತ್ತೇನೆ. ಬರೆಯುವ ಅಭ್ಯಾಸವಿಲ್ಲ, ಸಿನಿಮಾ ಮತ್ತು ಆಟವೇ ಸಾಕು ಎನ್ನುವವರಿಗೆ ಶಓಮಿ.