ಗ್ರೆಗರಿ ಪೆಕ್ ಡಿವಿಡಿ ಕಟ್ಟು: ಚಿತ್ರಗಳಿಗೆ ಪೂರ್ತಿ ಅಂಕ, ಡಬ್ಬಿಗೆ ಅರ್ಧ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಹತ್ತಿರ ಹಳೆಯ ಡಿವಿಡಿಗಳನ್ನು ಮಾರುವ ಪುಟ್ಟ ಅಂಗಡಿಯೊಂದು ಇನ್ನೂ ಬಾಗಿಲು ಹಾಕಿಲ್ಲ. ಅಲ್ಲಿ ಹಳೆಯ ಹಾಲಿವುಡ್ ನಟ ಗ್ರೆಗರಿ ಪೆಕ್‌ನ ನಾಲ್ಕು ಚಿತ್ರಗಳ ಕಟ್ಟು 600 ರೂಪಾಯಿಗೆ ಸಿಕ್ಕಿತು. ಕಾಫಿ ಕೊಯ್ಲು ಮುಗಿದು ಆಳುಗಳ ಲೆಕ್ಕ ಚುಕ್ತಾ ಆದ ಮೇಲೆ ಯಜಮಾನರೂ ನಾನೂ ಕುಳಿತು ನೋಡಿದೆವು.

ಕಟ್ಟಿನ ಜೀವಾಳ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1962). ಪೆಕ್‌ಗೆ ಆಸ್ಕರ್ ತಂದುಕೊಟ್ಟ ಪಾತ್ರವಿದು. ಕಪ್ಪು ಮನುಷ್ಯನೊಬ್ಬನ ಪರ ವಾದಿಸಿ ಮೊಕದ್ದಮೆ ಸೋತ ವಕೀಲ ಕಾಗದಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಡುತ್ತಾನೆ. ಮೇಲಂತಸ್ತಿನಲ್ಲಿ ಕುಳಿತಿದ್ದ ಕಪ್ಪು ಜನರೆಲ್ಲ ಎದ್ದು ನಿಲ್ಲುತ್ತಾರೆ. ಅವನು ಕತ್ತೆತ್ತಿ ನೋಡುವುದೇ ಇಲ್ಲ. ಅಬ್ಬರವಿಲ್ಲದ ಇಂಥ ನಟನೆಗೆ ಎದೆಗಾರಿಕೆ ಬೇಕು.

‘ರೋಮನ್ ಹಾಲಿಡೇ’ (1953) ಬಗ್ಗೆ ಹೊಸದಾಗಿ ಹೇಳುವುದೇನಿದೆ! ಸುಳ್ಳುಗಾರರ ಕೈ ಕಚ್ಚುತ್ತದೆಂಬ ಕಲ್ಲಿನ ಮುಖದ ಬಾಯೊಳಗಿಂದ ಪೆಕ್ ಕೈ ಎಳೆದಾಗ ಅಂಗೈಯೇ ಮಾಯ; ಕೋಟಿನ ತೋಳಿನೊಳಗೆ ಅಡಗಿಸಿಕೊಂಡಿರುತ್ತಾನೆ. ನಾಯಕಿ ಆಡ್ರಿ ಹೆಪ್‌ಬರ್ನ್‌ಗೆ ಮೊದಲೇ ತಿಳಿಸಿರಲಿಲ್ಲವಂತೆ, ಹಾಗಾಗಿ ಆ ಚೀರಾಟ ಅಸಲಿ.

‘ಮೆಕೆನ್ನಾಸ್ ಗೋಲ್ಡ್’ (1969) ಯಜಮಾನರ ಪಾಲಿಗೆ ಹಬ್ಬ. ನನಗೆ ಕುದುರೆ, ಧೂಳು, ಚಿನ್ನದ ಹುಚ್ಚು ಸಾಕೋ ಸಾಕಾಯಿತು. ‘ದಿ ಗನ್ಸ್ ಆಫ್ ನವರೋನ್’ (1961) ಉದ್ದವಾದರೂ ಬೇಸರವಿಲ್ಲ. ಆದರೆ ಅದರಲ್ಲಿ ಸಬ್‌ಟೈಟಲ್ ಮಾತಿಗಿಂತ ಎರಡು ಸಾಲು ಹಿಂದೆ ಬೀಳುತ್ತದೆ. ಗುಂಡು ಹಾರಿದ ಮೇಲೆ ‘ಹುಷಾರ್’ ಎಂಬ ಅಕ್ಷರ ಮೂಡಿದರೆ ನಗಬೇಕೋ ಅಳಬೇಕೋ? ಡಬ್ಬಿಯ ಮುಚ್ಚಳವೂ ಮೊದಲ ದಿನವೇ ಕೈಗೆ ಬಂತು. ಕೊಳ್ಳುವವರು ಅಂಗಡಿಯಲ್ಲೇ ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ.